ಫಿಲಾಟೆಲಿ: ಸುಂಕವಿಲ್ಲದ್ದರ ಮೇಲಿನ ಒಲವು

ಮಾತುಗಳಿಗೆ ಸಾಮಾನ್ಯವಾಗಿ ಜಾತಕವಿರುವುದಿಲ್ಲ. ‘ಅವ್ವ’ ಎಂದು ಮೊದಲು ಕರೆದವರು ಯಾರು, ‘ಮಳೆ’ ಎಂಬ ಮಾತು ಯಾವ ಮುಂಗಾರಿನಲ್ಲಿ ಹುಟ್ಟಿತು ಎಂದು ಕೇಳಿದವರನ್ನು ಪದಪ್ರಿಯರಾದ ನಾವೇ ನಕ್ಕು ಕಳಿಸುತ್ತೇವೆ. ನಮಗೆ ದಕ್ಕುವುದೇನಿದ್ದರೂ ಸವೆದ ಶಾಸನದ ಸಾಲಿನಲ್ಲೋ ನುಸಿ ತಿಂದ ಓಲೆಗರಿಯಲ್ಲೋ ಪದವು ಆಗಲೇ ನಡುವಯಸ್ಸು ದಾಟಿದ ಮೇಲಿನ ದರ್ಶನ. ಹಾಗಿರುವಾಗ ಹುಟ್ಟಿದ ದಿನ, ಹುಟ್ಟಿದ ಊರು, ಹೆಸರಿಟ್ಟವನ ಹೆಸರು, ಇಟ್ಟದ್ದಕ್ಕೆ ಅವನು ಕೊಟ್ಟ ಕಾರಣ, ಇಷ್ಟೂ ಅಚ್ಚಿನಲ್ಲಿ ಉಳಿದುಬಂದ ಪದವೊಂದು ಸಿಕ್ಕರೆ ಬಿಡಲು ಮನಸ್ಸಾದೀತೆ? ‘ಫಿಲಾಟೆಲಿ’ ಅಂಥದು. 1864ರ ನವೆಂಬರ್ 15ರಂದು, ಪ್ಯಾರಿಸಿನಲ್ಲಿ ಆರ್ಥರ್ ಮೋರಿ ಎಂಬ ಎಳೆಯ ವ್ಯಾಪಾರಿ ಹೊರಡಿಸುತ್ತಿದ್ದ ಅಂಚೆಚೀಟಿ ಸಂಗ್ರಾಹಕರ ಪತ್ರಿಕೆಯಲ್ಲಿ, ಜಾರ್ಜ್ ಎರ್ಪೆನ್ ಎಂಬ ಸಂಗ್ರಾಹಕ ಒಂದು ಪುಟ್ಟ ಲೇಖನ ಬರೆದ. ಲೇಖನದ ತಲೆಬರಹವೇ ‘ನಾಮಕರಣ’ ಎಂದಿತ್ತು; ಕ್ರೈಸ್ತರ ರೂಢಿಯಲ್ಲಿ ಹೇಳಬೇಕೆಂದರೆ ಜ್ಞಾನಸ್ನಾನ. ಕೂಸು, ಎಂದರೆ ಅಂಚೆಚೀಟಿ ಕೂಡಿಡುವ ಹವ್ಯಾಸ, ಮಾತ್ರ ಅಷ್ಟು ಹೊತ್ತಿಗೆ ಹುಟ್ಟಿ ಎರಡು ದಶಕ ಕಳೆದಿತ್ತು.

ಹೆಸರಿಲ್ಲದೆ ಇತ್ತೆಂದಲ್ಲ, ಇದ್ದ ಹೆಸರು ಮರ್ಯಾದೆಯದಾಗಿರಲಿಲ್ಲ. 1840ರ ಮೇ 6ರಿಂದ ಇಂಗ್ಲೆಂಡಿನಲ್ಲಿ ಪೆನ್ನಿ ಬ್ಲ್ಯಾಕ್ ಎಂಬ ಮೊದಲ ಅಂಚೆಚೀಟಿ ಚಲಾವಣೆಗೆ ಬಂದಿತ್ತಷ್ಟೆ. ಮರುವರ್ಷವೇ ಲಂಡನ್ನಿನ ‘ಟೈಮ್ಸ್’ ಪತ್ರಿಕೆಯಲ್ಲಿ ಒಬ್ಬ ತರುಣಿ, ತನ್ನ ಸಿಂಗಾರದ ಕೋಣೆಯ ಗೋಡೆಗೆಲ್ಲ ಅಂಟಿಸುವುದಕ್ಕೆ ಬಳಸಿದ ಅಂಚೆಚೀಟಿ ಬೇಕೆಂದು ಜಾಹೀರಾತು ಕೊಟ್ಟಿದ್ದಳು. 1860ರ ದಶಕದ ಮೊದಲಿಗೆ ಪ್ಯಾರಿಸಿನ ತೋಟಗಳಲ್ಲಿ, ಲಂಡನ್ನಿನ ಬರ್ಚಿನ್ ಲೇನ್ ಎಂಬ ಓಣಿಯಲ್ಲಿ ಹುಡುಗರು, ಗುಮಾಸ್ತರು, ಗಡ್ಡದ ಗೃಹಸ್ಥರು ಕೈಯಲ್ಲಿ ಆಲ್ಬಮ್ ಹಿಡಿದು ನಿಂತು ಚೀಟಿ ಬದಲಾಯಿಸಿಕೊಳ್ಳುತ್ತಿದ್ದರೆ ಪೊಲೀಸರು ಬಂದು ಚದುರಿಸುತ್ತಿದ್ದರು. ನೋಡಿದ ಜನ ಇದಕ್ಕೊಂದು ಹೆಸರು ಒಗೆದರು: ‘ತೆಂಬ್ರೊಮನಿ’. ಎಂದರೆ ಚೀಟಿಹುಚ್ಚು. ಉತ್ತರಪದವಾದ ‘ಮನಿ’ ಗ್ರೀಕಿನ ‘ಮನಿಯಾ’; ನಮ್ಮ ‘ಮನಸ್’, ‘ಮನ್ಯು’ಗಳು ಹುಟ್ಟಿದ ಮೂಲದಿಂದಲೇ ಬಂದದ್ದು. ಮನಸ್ಸು ಅಂಕೆ ತಪ್ಪಿದರೆ ಅದು ಕೋಪವಾಗುವುದೂ ಉಂಟು, ಹುಚ್ಚಾಗುವುದೂ ಉಂಟು.

ಪೂರ್ವಪದ ‘ತೆಂಬ್ರ್’ ಇನ್ನೂ ಸ್ವಾರಸ್ಯದ್ದು, ಅದರ ಬೆನ್ನು ಹತ್ತಿ ಒಂದಿಷ್ಟು ದೂರ ಹೋಗಿಬರೋಣ. ಮೂಲದಲ್ಲಿ ಅದು ಗ್ರೀಕಿನ ‘ತಿಂಪನೊನ್’, ಎಂದರೆ ಚರ್ಮವಾದ್ಯ. ಹಳೆಯ ಫ್ರೆಂಚಿನಲ್ಲಿ ಮದ್ದಳೆಯಂಥ ವಾದ್ಯವಾಗಿದ್ದದ್ದು ಆಮೇಲೆ ಬಡಿದು ಬಾರಿಸುವ ಗಂಟೆಯಾಯಿತು; ಬೋರಲು ಹಾಕಿದ ಗಂಟೆಯ ಆಕಾರ ಶಿರಸ್ತ್ರಾಣದ್ದೂ ಆದ್ದರಿಂದ ವಂಶಲಾಂಛನದ ಮೇಲೆ ಬರೆಯುವ ಶಿರಸ್ತ್ರಾಣಕ್ಕೆ ಆ ಹೆಸರು ಬಂತು; ಅಲ್ಲಿಂದ ಲಾಂಛನಕ್ಕೇ, ಲಾಂಛನದಿಂದ ಕಾಗದದ ಮೇಲೆ ಒತ್ತುವ ಮುದ್ರೆಗೆ, ಮುದ್ರೆಯಿಂದ ಮುದ್ರೆಗೆ ಬದಲಾಗಿ ಅಂಟಿಸುವ ಚೀಟಿಗೆ. ಅತ್ತ ಗಂಟೆಯ ಹೊತ್ತಿನಲ್ಲೇ ಕವಲೊಡೆದ ಇನ್ನೊಂದು ಅರ್ಥ ನಾದದ ಬಣ್ಣವನ್ನು ಹೇಳುವ ಪಾರಿಭಾಷಿಕವಾಗಿ ಸಂಗೀತಗಾರರ ಪಾಲಾಯಿತು. ಬಾರಿಸುವ ವಾದ್ಯವೊಂದು ನಾಲಿಗೆಯಿಂದ ನೆಕ್ಕಿ ಅಂಟಿಸುವ ಕಾಗದದ ಚೂರಾಗುವ ತನಕದ ಈ ದಾರಿಯಲ್ಲಿ ಒಂದು ಹೆಜ್ಜೆಯೂ ಅಸಂಗತವಲ್ಲ. ಅರ್ಥಪಲ್ಲಟವೆಂದರೆ ಹೀಗೆ, ಪ್ರತಿ ಪಲ್ಲಟವೂ ನ್ಯಾಯವಾದದ್ದು, ಮೊದಲಿನಿಂದ ಕೊನೆಗೆ ಒಮ್ಮೆಲೇ ನೆಗೆದು ನೋಡಿದರೆ ಮಾತ್ರ ತಲೆತಿರುಗುತ್ತದೆ.

ಎರ್ಪೆನ್ನನಿಗೆ ಬೇಕಾದದ್ದು ಹುಚ್ಚಿನ ವಾಸನೆಯಿಲ್ಲದ, ಪಂಡಿತರ ಸಭೆಗೆ ಒಪ್ಪುವ ಹೆಸರು. ಯುರೋಪಿನವರಿಗೆ ಇಂಥ ಸಂದರ್ಭದಲ್ಲಿ ಗ್ರೀಕು ಹೇಗೋ ನಮಗೆ ಸಂಸ್ಕೃತ ಹಾಗೆ. ‘ಫಿಲೊಸ್’ ಎಂದರೆ ಒಲವುಳ್ಳವನು, ಇದರಲ್ಲಿ ತಕರಾರಿಲ್ಲ. ಆದರೆ ಅಂಚೆಚೀಟಿಗೆ ಗ್ರೀಕಿನಲ್ಲಿ ಏನೆನ್ನುವುದು? ಪ್ಲೇಟೊ ಯಾರಿಗೂ ಚೀಟಿ ಅಂಟಿಸಿ ಪತ್ರ ಹಾಕಿದವನಲ್ಲ. ಎರ್ಪೆನ್ ಹುಡುಕಿ ತೆಗೆದದ್ದು ‘ಅತೆಲೆಸ್’, ಅದರ ಭಾವನಾಮ ‘ಅತೆಲೇಯಾ’. ‘ತೆಲೊಸ್’ ಎಂದರೆ ಕೊನೆ, ಗುರಿ, ಸಿದ್ಧಿ ಎಂಬ ತಾತ್ತ್ವಿಕ ಅರ್ಥಗಳ ಜೊತೆಗೆ ತೆರಿಗೆ, ಸುಂಕ ಎಂಬ ಪೇಟೆಯ ಅರ್ಥವೂ ಇತ್ತು. ಈ ಎರಡನೆಯ ‘ತೆಲೊಸ್’ ಹೊರು, ಎತ್ತು ಎಂಬರ್ಥದ ಬೇರಿನಿಂದ ಬಂದದ್ದೆಂದೂ ಸಂಸ್ಕೃತದ ‘ತುಲಾ’ ಇದರ ದಾಯಾದಿಯೆಂದೂ ಒಂದು ಪಕ್ಷ. ಹಿಂದಿನ ‘ಅ’ಕಾರ ನಮಗೆ ಚಿರಪರಿಚಿತ, ಅನೀತಿ, ಅಜ್ಞಾನಗಳಲ್ಲಿ ಕೂತಿರುವ ನಞರ್ಥದ ‘ಅ’ವೇ ಗ್ರೀಕಿನಲ್ಲೂ ಕೂತಿದೆ. ಆದ್ದರಿಂದ ‘ಅತೆಲೇಯಾ’ ಎಂದರೆ ಅಶುಲ್ಕತೆ, ಸುಂಕವಿನಾಯತಿ. ಒಟ್ಟಿಗೆ ಸೇರಿಸಿದರೆ ‘ಫಿಲಾತೆಲಿ’, ಸುಂಕವಿಲ್ಲದ್ದರ ಮೇಲಿನ ಒಲವು.

ಅಥೆನ್ಸಿನಲ್ಲಿ ಈ ‘ಅತೆಲೇಯಾ’ ಹಗುರದ ಮಾತಾಗಿರಲಿಲ್ಲ. ನಗರಕ್ಕೆ ಉಪಕಾರ ಮಾಡಿದವರಿಗೆ ಜನಸಭೆ ಗೊತ್ತುವಳಿ ಹೊರಡಿಸಿ ಕೊಡುತ್ತಿದ್ದ ಗೌರವ ಅದು. ಕ್ರಿ.ಪೂ. 4ನೆಯ ಶತಮಾನದಲ್ಲಿ ಲೆಪ್ತಿನೆಸ್ ಎಂಬವನು ಇಂಥ ವಿನಾಯತಿಗಳನ್ನೆಲ್ಲ ರದ್ದುಮಾಡುವ ಕಾನೂನು ತಂದಾಗ ಅದನ್ನು ಖಂಡಿಸಿ ದೆಮೊಸ್ತನೀಸ್ ಮಾಡಿದ ಭಾಷಣ ಇಂದಿಗೂ ಉಳಿದಿದೆ. ನಮ್ಮ ಶಾಸನ ಓದಿದವರಿಗೆ ಇದು ಕೇಳಿದಂತೆ ಅನ್ನಿಸದಿರದು. ‘ಸರ್ವನಮಸ್ಯ’, ‘ಸರ್ವಬಾಧಾಪರಿಹಾರ’, ‘ಸರ್ವಮಾನ್ಯ’ ಎಂದು ಧಾರೆಯೆರೆದು ಕೊಟ್ಟ ಭೂಮಿಗಳೆಲ್ಲ ‘ಅತೆಲೇಯಾ’ ಪಡೆದವೇ. ‘ಶುಲ್ಕ’ ಪ್ರಾಕೃತದ ಹೊಳೆ ದಾಟಿ ‘ಸುಂಕ’ವಾಯಿತು, ಸುಂಕವೆರ್ಗಡೆಗಳಾಗಲಿ ಅವರು ವಸೂಲುಮಾಡುತ್ತಿದ್ದ ಪೆರ್ಜುಂಕ, ವಡ್ಡರಾವುಳಗಳಾಗಲಿ ಚಾಳುಕ್ಯರ ಕಾಲದ ಕಲ್ಲುಗಳಲ್ಲಿ ಹೆಜ್ಜೆಗೊಮ್ಮೆ ಎದುರಾಗುತ್ತವೆ, ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬ ಗಾದೆ ಅವರಿಂದಲೇ ಬಂದಿರಬೇಕು. ‘ಮಾನ್ಯ’ ಎಂಬುದು ಗೌರವಿಸತಕ್ಕದ್ದು ಎಂಬಲ್ಲಿಂದ ತೆರಿಗೆಯಿಲ್ಲದ ಹೊಲ ಎಂಬಲ್ಲಿಗೆ ಇಳಿದು, ಇಂದು ಶಾಸಕರ ಹೆಸರಿನ ಹಿಂದೆ ಮತ್ತೆ ಗೌರವವಾಗಿ ಏರಿ ಕೂತಿದೆ. ಎರ್ಪೆನ್ ಕನ್ನಡಿಗನಾಗಿದ್ದು ‘ಮಾನ್ಯಪ್ರೀತಿ’ ಎಂದು ಹೆಸರಿಟ್ಟಿದ್ದರೆ ನಮ್ಮ ಸಂಗ್ರಾಹಕರನ್ನು ಜನ ಯಾರದೋ ಹಿಂಬಾಲಕರೆಂದು ತಿಳಿಯುತ್ತಿದ್ದರು.

ಸರಿ, ಅಂಚೆಚೀಟಿಗೂ ಸುಂಕವಿಲ್ಲದಿರುವುದಕ್ಕೂ ಏನು ಸಂಬಂಧ? ಚೀಟಿಯೆಂದರೆ ಹಣ ಕೊಟ್ಟದ್ದರ ಗುರುತಲ್ಲವೆ? ಇಲ್ಲೇ ಪದದ ಗುಟ್ಟಿರುವುದು. ನಾವು ಇಂದು ಕಳಿಸುವವನ ಕಡೆ ನಿಂತು ನೋಡುತ್ತೇವೆ, ಎರ್ಪೆನ್ ಪಡೆಯುವವನ ಕಡೆ ನಿಂತು ನೋಡಿದ. ರೋಲಂಡ್ ಹಿಲ್ ಎಂಬವನ ಅಂಚೆ ಸುಧಾರಣೆಗೆ ಮೊದಲು ಇಂಗ್ಲೆಂಡಿನಲ್ಲಿ ಪತ್ರದ ಕೂಲಿಯನ್ನು ಬಹುಮಟ್ಟಿಗೆ ಕೊಡಬೇಕಾದವನು ಅದನ್ನು ಪಡೆಯುವವನು. ದೂರ ಹೆಚ್ಚಿದಷ್ಟೂ, ಹಾಳೆ ಹೆಚ್ಚಿದಷ್ಟೂ ಕೂಲಿ ಹೆಚ್ಚು. ಬಾಗಿಲಿಗೆ ಬಂದ ಪತ್ರ ಬೇಡವೆಂದು ಹಿಂದಕ್ಕಟ್ಟಿದ ಬಡವರೆಷ್ಟೋ. 1840ರ ಜನವರಿ 10ರಿಂದ ಅರ್ಧ ಔನ್ಸಿನ ಪತ್ರಕ್ಕೆ ದೇಶದೊಳಗೆ ಎಲ್ಲಿಗಾದರೂ ಒಂದೇ ಪೆನ್ನಿ ಎಂದಾಗಿ, ಮೇ ತಿಂಗಳಿಂದ ಚೀಟಿಯೂ ಬಂದ ಮೇಲೆ, ಚೀಟಿ ಹೊತ್ತ ಪತ್ರ ಪಡೆಯುವವನ ಪಾಲಿಗೆ ಸುಂಕಮುಕ್ತ. ಫ್ರೆಂಚರು ಇದನ್ನು ‘ಅಫ್ರಾನ್ಶಿ’, ಎಂದರೆ ಬಿಡುಗಡೆ ಹೊಂದಿದ್ದು, ಎನ್ನುತ್ತಿದ್ದರು. ಇಂಗ್ಲಿಷಿನ ‘ಫ್ರ್ಯಾಂಕಿಂಗ್’ ಅದೇ ಬಳ್ಳಿಯದು. ಎರ್ಪೆನ್ ತನ್ನ ಮಾತೃಭಾಷೆಯ ಆ ಮಾತಿಗೆ ಗ್ರೀಕಿನ ಉಡುಗೆ ತೊಡಿಸಿದ, ಅಷ್ಟೆ. ಈ ವಿಮೋಚನೆ ಇಲ್ಲದ ಪತ್ರ ಹೇಗಿರುತ್ತಿತ್ತೆಂಬುದನ್ನು ನಮ್ಮ ಹಿರಿಯರು ಬಲ್ಲರು: ಚೀಟಿ ಹಚ್ಚದೆ ಹಾಕಿದ ‘ಬೇರಿಂಗ್ ಕಾಗದ’ ಬಂತೆಂದರೆ ಪೋಸ್ಟಿನವನ ಕೈಗೆ ಇಮ್ಮಡಿ ಕಾಸು ಎಣಿಸಬೇಕು. ಇಂಗ್ಲಿಷಿನಲ್ಲಿ ಹೊರೆ ಹೊತ್ತದ್ದು ಎಂಬರ್ಥದ ಆ ‘ಬೇರಿಂಗ್’ ಹಿಂದಿಯಲ್ಲಿ ‘ಬೈರಂಗ್’ ಆಗಿ, ಕೆಲಸವಾಗದೆ ಬರಿಗೈಲಿ ಮರಳಿದವರನ್ನು ಕುರಿತ ನುಡಿಗಟ್ಟೂ ಆಗಿಬಿಟ್ಟಿತು. ‘ಅತೆಲೇಯಾ’ಕ್ಕೆ ವಿರುದ್ಧಪದ ಬೇಕಾದರೆ ಇದಕ್ಕಿಂತ ಒಳ್ಳೆಯದು ಸಿಕ್ಕದು.

ಈ ಪದವನ್ನು ಬೈದವರೂ ಬಹಳ ಮಂದಿ. ಅದರಲ್ಲಿ ಚೀಟಿಯೂ ಇಲ್ಲ, ಅಂಚೆಯೂ ಇಲ್ಲ, ಸಂಗ್ರಹವೂ ಇಲ್ಲ. ಇರುವುದು ತೆರಿಗೆ, ಅದೂ ಇಲ್ಲದ ತೆರಿಗೆ. ಟೆಲಿಫೋನು, ಟೆಲಿಗ್ರಾಮುಗಳ ದೂರಾರ್ಥದ ‘ಟೆಲಿ’ಯೇ ಇಲ್ಲೂ ಇದೆಯೆಂದು ನಂಬಿರುವವರು ಇಂದಿಗೂ ಕಡಿಮೆಯಿಲ್ಲ, ‘ಫಿಲ’ವನ್ನೂ ‘ಟೆಲಿ’ಯನ್ನೂ ಬಿಡಿಸಿ ದೂರದ ಊರುಗಳ ಮೇಲಿನ ಪ್ರೀತಿ ಎಂದು ಅರ್ಥಹೇಳುವುದು ಚೆಲುವಾಗಿಯೇ ಇದೆ, ನಿಜವಲ್ಲ ಅಷ್ಟೆ. ಇಲ್ಲಿಯ ‘ಟೆಲಿ’ಯ ನಿಜವಾದ ನಂಟರನ್ನು ನೋಡಬೇಕೆಂದರೆ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ನಿಲ್ಲಬೇಕು. ‘ತೆಲೊಸ್’ನಿಂದ ಸುಂಕದಕಟ್ಟೆಯೆಂಬರ್ಥದ ‘ತೆಲೊನಿಯೊನ್’, ಅದರಿಂದ ಕಡೆಗಾಲದ ಲ್ಯಾಟಿನ್ನಿನ ‘ತೊಲೊನಿಯುಂ’, ಅದರಿಂದ ಇಂಗ್ಲಿಷಿನ ‘ಟೋಲ್’ ಎನ್ನುತ್ತಾರೆ ಕೋಶಕಾರರು. ಹಾಗಾದರೆ ‘ಟೋಲ್ ಫ್ರೀ’ ಎಂಬುದು ‘ಅತೆಲೇಯಾ’ದ ಅಕ್ಷರಶಃ ರೂಪ. ಬ್ಯಾಂಕಿನವರು ಜಾಹೀರಾತಿನ ಕೆಳಗೆ ಅಚ್ಚುಹಾಕುವ ಆ ಎರಡು ಮಾತನ್ನು ಎರ್ಪೆನ್ ಕಂಡಿದ್ದರೆ ಆನಂದಪಡುತ್ತಿದ್ದ.

ಎಲ್ಲಕ್ಕಿಂತ ರಸವತ್ತಾದ ತೀರ್ಪು ಬಂದದ್ದು ಗ್ರೀಕರಿಂದ. ಜಗತ್ತೆಲ್ಲ ತಮ್ಮ ಭಾಷೆಯ ಹೆಸರಿನಲ್ಲಿ ಒಪ್ಪಿಕೊಂಡ ಈ ಪದವನ್ನು ಅವರೇ ಒಪ್ಪಲಿಲ್ಲ. ಇಂದಿನ ಗ್ರೀಕಿನಲ್ಲಿ ಈ ವಿದ್ಯೆಗೆ ‘ಫಿಲೊತೆಲಿಸ್ಮೊಸ್’ ಎನ್ನುತ್ತಾರೆ. 1924ರಿಂದ ಹೊರಡುತ್ತಿರುವ ಅಥೆನ್ಸಿನ ಪತ್ರಿಕೆಯ ಹೆಸರೂ ‘ಫಿಲೊತೆಲಿಯಾ’. ನಡುವಿನ ನಞರ್ಥದ ‘ಅ’ ಎಗರಿಹೋಗಿದೆ! ವ್ಯುತ್ಪತ್ತಿ ಹಿಡಿದು ಹೇಳುವುದಾದರೆ ಗ್ರೀಕರನ್ನುಳಿದು ಲೋಕವೆಲ್ಲ ಸುಂಕವಿಲ್ಲದಿರುವುದನ್ನು ಪ್ರೀತಿಸುತ್ತದೆ, ಗ್ರೀಕರು ಸುಂಕವನ್ನೇ ಪ್ರೀತಿಸುತ್ತಾರೆ. ಎರಡರಲ್ಲಿ ಗ್ರೀಕರದೇ ನ್ಯಾಯವೆನ್ನಬೇಕಾಗುತ್ತದೆ, ಚೀಟಿಯೆಂಬುದು ತೆತ್ತ ಸುಂಕದ ರಸೀತಿಯೇ ತಾನೆ. ಜರ್ಮನರು ಇನ್ನೊಂದು ದಾರಿ ಹಿಡಿದರು. ಅವರ ‘ಫ್ರೈಮಾರ್ಕೆ’ಯಲ್ಲಿ ‘ಫ್ರೈ’ ಎಂದರೆ ಬಿಡುಗಡೆಯಾದದ್ದು, ‘ಮಾರ್ಕೆ’ ಎಂದರೆ ಗುರುತು, ಎರ್ಪೆನ್ನನ ತಾತ್ಪರ್ಯವೇ. ಅದಕ್ಕೆ ‘ಕುಂಡೆ’ ಎಂಬ ವಿದ್ಯಾವಾಚಕ ಸೇರಿಸಿದರೆ ಶಾಸ್ತ್ರವೂ ಸಿದ್ಧ (ಕನ್ನಡದ ಕಿವಿಗೆ ಆ ಪ್ರತ್ಯಯ ಮುಜುಗರದ್ದು, ನಡೆಯುತ್ತದೆ). ಲೈಪ್ಸಿಗ್ಗಿನ ಹ್ಯೂಗೊ ಕ್ರೋಟ್ಷ್ ಎಂಬ ವಿದ್ವಾಂಸ 19ನೆಯ ಶತಮಾನದ ಕೊನೆಗೆ ಹೊರತಂದ ದಪ್ಪನೆಯ ಕೈಪಿಡಿಯ ಹೆಸರಿನಲ್ಲಿ ಆ ಸಮಾಸವೇ ಇದೆ.

ಫ್ರಾನ್ಸಿನಲ್ಲೇ ಎರ್ಪೆನ್ನನ ಕೂಸಿಗೆ ಬಲವಾದ ದಾಯಾದಿಯೊಂದು ಹುಟ್ಟಿತು: ‘ತೆಂಬ್ರೊಲೊಜಿ’, ಚೀಟಿಶಾಸ್ತ್ರ. ಫ್ರೆಂಚ್ ಪೂರ್ವಪದಕ್ಕೆ ಗ್ರೀಕ್ ಉತ್ತರಪದ ಗಂಟುಹಾಕಿದ ಅರಿಸಮಾಸವೆಂದು ವೈಯಾಕರಣರು ಮೂಗು ಮುರಿಯಬಹುದು. ನಮ್ಮ ‘ರೈಲುನಿಲ್ದಾಣ’ವನ್ನು ಸಹಿಸಿದವರಿಗೆ ಅದೇನು ದೊಡ್ಡದು. ಈ ಹೆಸರಿನ ಪಕ್ಷದಲ್ಲಿದ್ದವನು ವೈದ್ಯ ಜಾಕ್ ಲೆಗ್ರಾನ್, ‘ಡಾಕ್ಟರ್ ಮ್ಯಾಗ್ನಸ್’ ಎಂಬ ಗುಪ್ತನಾಮದಲ್ಲಿ ಬರೆಯುತ್ತಿದ್ದವನು. ಅಂಚೆಚೀಟಿಯನ್ನು ಬಣ್ಣ ನೋಡಿ ಅಂಟಿಸಿಕೊಳ್ಳುವ ಆಟದಿಂದ ಅದರ ಕಾಗದ, ನೀರ್ಗುರುತು, ಅಂಚಿನ ತೂತುಗಳ ಪರೀಕ್ಷೆಯತ್ತ ತಿರುಗಿಸಿದವರಲ್ಲಿ ಇವನು ಮೊದಲಿಗ. ಎರಡು ಚೀಟಿ ಕಣ್ಣಿಗೆ ಒಂದೇ ಆದರೂ ಅಂಚಿನ ಹಲ್ಲುಗಳ ಸಾಂದ್ರತೆ ಬೇರೆಯಾದರೆ ಅವು ಬೇರೆ ಯಂತ್ರದಲ್ಲಿ, ಬೇರೆ ಕಾಲದಲ್ಲಿ ತಯಾರಾದವು. ಇದನ್ನು ಅಳೆಯಲು ಎರಡು ಸೆಂಟಿಮೀಟರಿಗೆ ಎಷ್ಟು ತೂತು ಎಂದು ಎಣಿಸುವ ಪಟ್ಟಿಯೊಂದನ್ನು 1866ರಲ್ಲಿ ಲೆಗ್ರಾನ್ ರೂಪಿಸಿದ. ಲೋಕದ ಕೆಟಲಾಗುಗಳೆಲ್ಲ ಇಂದಿಗೂ ಅದೇ ಎರಡು ಸೆಂಟಿಮೀಟರಿನ ಲೆಕ್ಕದಲ್ಲೇ ಬರೆಯುತ್ತವೆ. ಪಟ್ಟಿಗೆ ಅವನಿಟ್ಟ ಹೆಸರು ‘ಒದೊಂತೊಮೆತ್ರ್’, ದಂತಮಾಪಕ. ಗ್ರೀಕಿನ ‘ಒದೊಂತ್’ಗೂ ನಮ್ಮ ‘ದಂತ’ಕ್ಕೂ ಹುಟ್ಟು ಒಂದೇ ಎಂದು ನಿಮಗೆ ಹೇಳಬೇಕಿಲ್ಲ. 1870ರ ದಶಕದಲ್ಲಿ ಕಟ್ಟಿದ ಫ್ರೆಂಚ್ ಸಂಘ ತನ್ನ ಹೆಸರಿಗೆ ‘ತೆಂಬ್ರೊಲೊಜಿ’ಯನ್ನೇ ಆರಿಸಿಕೊಂಡಿತು. ಆದರೂ ಗೆದ್ದದ್ದು ಎರ್ಪೆನ್ನನ ಪದ. 1887ರಲ್ಲಿ ಹುಟ್ಟಿದ ‘ಎಕೊ ದ ಲ ತೆಂಬ್ರೊಲೊಜಿ’ ಎಂಬ ಪತ್ರಿಕೆಯ ಹೆಸರಿನಲ್ಲಿ ಸೋತ ಪದ ತನ್ನ ಮಾನ ಉಳಿಸಿಕೊಂಡಿದೆ.

ಯಾಕೆ ಗೆದ್ದಿತು? ಸರಿಯಾದ ಪದವೆಂದಲ್ಲ, ಸರಿಯಾದವರ ಕೈಗೆ ಬಿತ್ತು ಎಂದು ನನ್ನ ತೀರ್ಮಾನ. ಸಮುದ್ರ ದಾಟಿ ಇಂಗ್ಲೆಂಡಿಗೆ ಹೋಗದಿದ್ದರೆ ಅದು ಪ್ಯಾರಿಸಿನ ಒಂದು ಪತ್ರಿಕೆಯ ಕುತೂಹಲವಾಗಿ ಉಳಿಯುತ್ತಿತ್ತು. ಅಲ್ಲಿ ಅದಕ್ಕಾಗಿ ಕಾದಿದ್ದ ಮಂದಿ ಸಾಮಾನ್ಯರಲ್ಲ. ಬ್ರಿಟಿಷ್ ಮ್ಯೂಸಿಯಮ್ಮಿನ ಪ್ರಾಣಿಶಾಸ್ತ್ರಜ್ಞ ಜಾನ್ ಎಡ್ವರ್ಡ್ ಗ್ರೇ, ‘ಇಂಡಿಯನ್ ಝೂಆಲಜಿ’ ಎಂಬ ದೊಡ್ಡ ಚಿತ್ರಸಂಪುಟದ ಮೂಲಕ ನಮ್ಮ ಕಾಡುಮೇಡುಗಳ ಜೀವಿಗಳನ್ನು ಯುರೋಪಿಗೆ ಪರಿಚಯಿಸಿದವನು, 1862ರಲ್ಲಿ ಅಂಚೆಚೀಟಿಗಳ ಕೈಪಿಡಿ ಕೆಟಲಾಗು ಬರೆದ. ಹಲ್ಲಿ ಆಮೆಗಳಿಗೆ ಜಾತಿ, ಪ್ರಭೇದ, ಉಪಪ್ರಭೇದ ಎಂದು ಹೆಸರಿಟ್ಟು ರೂಢಿಯಾದ ಕೈ ಚೀಟಿಗಳನ್ನೂ ಹಾಗೇ ವಿಂಗಡಿಸಿತು. (ಕೆಟಲಾಗಿನ ಕೀರ್ತಿ ಮೊದಲು ಸಲ್ಲಬೇಕಾದ್ದು 1861ರಲ್ಲಿ ಪಟ್ಟಿಗಳನ್ನು ಅಚ್ಚುಮಾಡಿದ ಸ್ಟ್ರಾಸ್‌ಬರ್ಗಿನ ಬರ್ಜೆ-ಲೆವ್ರೊಗೆ, ಪ್ಯಾರಿಸಿನ ಪೊತಿಕೆಗೆ.) ಆಲ್ ಹ್ಯಾಲೋಸ್ ಸ್ಟೇನಿಂಗ್ ಚರ್ಚಿನ ಪಾದ್ರಿ ಸ್ಟೇನ್‌ಫೋರ್ತ್‌ನ ಮನೆಯಲ್ಲಿ ಶನಿವಾರದ ಕೂಟಗಳು ನಡೆಯುತ್ತಿದ್ದವು. ಮುಂದೆ ನ್ಯಾಯಾಧೀಶನಾದ ಫಿಲ್‌ಬ್ರಿಕ್, ನ್ಯೂ ಸೌತ್ ವೇಲ್ಸಿನ ಶಾಸನಸಭೆಯ ಮೊದಲ ಸ್ಪೀಕರ್ ಆಗಿ ಮರಳಿದ್ದ ಡೇನಿಯಲ್ ಕೂಪರ್, ಇನ್ನೂ ಇಪ್ಪತ್ತು ತುಂಬುವ ಮೊದಲೇ, 1863ರಲ್ಲಿ, ಖೋಟಾ ಚೀಟಿಗಳನ್ನು ಪತ್ತೆಹಚ್ಚುವ ಬಗೆಯನ್ನು ಕುರಿತು ಗೆಳೆಯನೊಡನೆ ಪುಸ್ತಕ ಬರೆದಿದ್ದ ಎಡ್ವರ್ಡ್ ಪೆಂಬರ್ಟನ್, ಇವರೆಲ್ಲ ಆ ಬಳಗದವರು. ಅಡಿಲೇಡ್ ಲೂಸಿ ಫೆಂಟನ್ ಎಂಬಾಕೆ ‘ಹರ್ಬರ್ಟ್ ಕಮೊಯೆನ್ಸ್’ ಎಂಬ ಗಂಡಸಿನ ಹೆಸರಿನಲ್ಲಿ ಪತ್ರಿಕೆಗಳಿಗೆ ಬರೆಯುತ್ತಿದ್ದಳು. ಹುಚ್ಚಿನ ಆರೋಪಕ್ಕೆ ಹೆಂಗಸರು ಇಮ್ಮಡಿ ಸುಂಕ ತೆರಬೇಕಾದ ಕಾಲ ಅದು. 1866ರ ಡಿಸೆಂಬರಿನಲ್ಲಿ ‘ದಿ ಫಿಲಾಟೆಲಿಸ್ಟ್’ ಪತ್ರಿಕೆ ಹೊರಟಿತು, 1869ರ ಏಪ್ರಿಲ್ 10ರಂದು ಕೂಪರ್‌ನ ಅಧ್ಯಕ್ಷತೆಯಲ್ಲಿ ‘ಫಿಲಾಟೆಲಿಕ್ ಸೊಸೈಟಿ, ಲಂಡನ್’ ಹುಟ್ಟಿತು, 1906ರಲ್ಲಿ ಅದರ ತಲೆಗೆ ‘ರಾಯಲ್’ ಎಂಬ ಮುಡಿ ಏರಿತು. ಅಲ್ಲಿಗೆ ಎರ್ಪೆನ್ನನ ಕೂಸಿಗೆ ರಾಜಾಶ್ರಯ. ‘ಟಿಂಬ್ರೊಮೇನಿಯಾ’ ಇಂಗ್ಲಿಷ್ ಕೋಶಗಳಲ್ಲಿ ಮಾತ್ರ ಉಸಿರಾಡುತ್ತಿದೆ.

ಪದ ನೆಲೆಯೂರಿದ ಮೇಲೆ ಅದರೊಳಗೇ ಒಂದು ಬಿರುಕು ಕಾಣಿಸಿತು, ಅದು ಇಂದಿಗೂ ಮುಚ್ಚಿಲ್ಲ. ಕೂಡಿಹಾಕುವವನು ಫಿಲಾಟೆಲಿಸ್ಟನೋ, ಅಧ್ಯಯನ ಮಾಡುವವನೋ? ಎರ್ಪೆನ್ ತನ್ನ ವಿವರಣೆಯಲ್ಲಿ ಅಧ್ಯಯನದ ಮೇಲೆಯೇ ಒತ್ತು ಹಾಕಿದ್ದ. ಆದರೆ ಲೋಕದ ಕಣ್ಣು ಕುಕ್ಕಿದ ಹೆಸರು ಫಿಲಿಪ್ ಫೆರಾರಿಯದು. ಗ್ಯಾಲಿಯೇರಾದ ಡ್ಯೂಕನ ಮಗ, 1850ರಲ್ಲಿ ಪ್ಯಾರಿಸಿನ ಓತೆಲ್ ಮತಿನ್ಯೋನಿನಲ್ಲಿ ಹುಟ್ಟಿದವನು (ಆ ಅರಮನೆ ಈಗ ಫ್ರೆಂಚ್ ಪ್ರಧಾನಿಯ ನಿವಾಸ), ಕೂಪರ್, ಫಿಲ್‌ಬ್ರಿಕ್‌ರ ಸಂಗ್ರಹಗಳೂ ಕೊನೆಗೆ ಸೇರಿದ್ದು ಇವನ ಕಪಾಟನ್ನೇ. ಸ್ವೀಡನ್ನಿನ ಹಳದಿ ಮೂರು ಸ್ಕಿಲ್ಲಿಂಗ್, ಬ್ರಿಟಿಷ್ ಗಯಾನಾದ ಕಡುಗೆಂಪು ಒಂದು ಸೆಂಟು, ಲೋಕದಲ್ಲಿ ಒಂದೊಂದೇ ಉಳಿದಿರುವ ಚೀಟಿಗಳೆರಡೂ ಅವನಲ್ಲಿದ್ದವು. ಬರೆದದ್ದು ಏನೂ ಇಲ್ಲವೆಂದರೂ ಸಲ್ಲುತ್ತದೆ. ಸಂಗ್ರಹವನ್ನು ಬರ್ಲಿನ್ನಿನ ಅಂಚೆ ಮ್ಯೂಸಿಯಮ್ಮಿಗೆ ಉಯಿಲು ಬರೆದು 1917ರಲ್ಲಿ ತೀರಿಕೊಂಡ. ಮಹಾಯುದ್ಧದ ಕಾಲ, ಫ್ರಾನ್ಸ್ ಸರ್ಕಾರ ಅದನ್ನು ಮುಟ್ಟುಗೋಲು ಹಾಕಿಕೊಂಡು 1921ರಿಂದ ಹರಾಜು ಹಾಕಿತು. ಗಯಾನಾದ ಆ ಚೀಟಿಯನ್ನು 1922ರಲ್ಲಿ ಅಮೆರಿಕದ ಆರ್ಥರ್ ಹೈಂಡ್ 3,00,000 ಫ್ರಾಂಕಿಗೆ ಕೂಗಿ ಕೊಂಡ. ಅದರ ಮೇಲೆ ಸರ್ಕಾರದ ತೆರಿಗೆ ಶೇ. 17.5 ಬಿದ್ದು ಒಟ್ಟು 3,52,500 ಆಯಿತು. ಸುಂಕವಿಲ್ಲದ್ದರ ಒಲವು ಎಂಬ ಹೆಸರಿನ ವಿದ್ಯೆಯಲ್ಲಿ ಆ ಕಾಲದ ಅತಿ ಪ್ರಸಿದ್ಧ ಖರೀದಿಗೆ ಸುಂಕ 52,500 ಫ್ರಾಂಕು.

ಇನ್ನೊಂದು ಪಂಗಡ ಸದ್ದಿಲ್ಲದ್ದು. ವಯಸ್ಸು 36 ತುಂಬುವ ಮೊದಲೇ, 1891ರಲ್ಲಿ ತೀರಿಕೊಂಡ ಪಾರ್ಲಿಮೆಂಟ್ ಸದಸ್ಯ ಥಾಮಸ್ ಟ್ಯಾಪ್ಲಿಂಗ್ ತನ್ನ ಸಂಗ್ರಹವನ್ನು ಬ್ರಿಟಿಷ್ ಮ್ಯೂಸಿಯಮ್ಮಿಗೆ ಬಿಟ್ಟುಹೋದ. ಅದನ್ನು ಎಡ್ವರ್ಡ್ ಡೆನ್ನಿ ಬೇಕನ್ ವರ್ಷಗಟ್ಟಲೆ ಕೂತು ಜೋಡಿಸಿದ, ಇಂದು ಅದು ಬ್ರಿಟಿಷ್ ಲೈಬ್ರರಿಯಲ್ಲಿ ಎಲ್ಲರಿಗೂ ತೆರೆದಿದೆ. ತೋಪಖಾನೆಯ ಅಧಿಕಾರಿ ಮೇಜರ್ ಎಡ್ವರ್ಡ್ ಇವಾನ್ಸ್ ಕೆಲಸದ ಮೇಲೆ ಮಾರಿಷಸ್ಸಿಗೆ ಹೋದವನು ಅಲ್ಲಿಯ ಹಳೆಯ ಚೀಟಿಗಳ ಚರಿತ್ರೆ ಕೆದಕಿದ, 1885ರಲ್ಲಿ ಕೈಪಿಡಿ ಬರೆದ. ಬ್ರಸೆಲ್ಸಿನ ಮೋನ್ಸ್ ಅಂಗಡಿಯನ್ನೂ ಇಟ್ಟುಕೊಂಡು 1863ರಿಂದ 1900ರ ತನಕ ಪತ್ರಿಕೆಯನ್ನೂ ನಡೆಸಿದ. ನನ್ನನ್ನು ಕೇಳಿದರೆ ಪದವು ಇವರಿಗೆ ಸೇರಿದ್ದು, ಫೆರಾರಿಗೆ ‘ಸಂಗ್ರಾಹಕ’ ಸಾಕು.

ಭಾರತಕ್ಕೆ ಚೀಟಿಯೂ ಪದವೂ ಬಂದ ಬಗೆ ಇನ್ನೊಂದು ಕತೆ. 1852ರಲ್ಲಿ ಸಿಂಧ್ ಪ್ರಾಂತದಲ್ಲಿ ಬಾರ್ಟಲ್ ಫ್ರಿಯರ್ ಹೊರಡಿಸಿದ ಅರ್ಧ ಆಣೆಯ ದುಂಡು ಚೀಟಿಯ ಮೇಲೆ ‘ಸಿಂಧ್ ಡಿಸ್ಟ್ರಿಕ್ಟ್ ಡಾಕ್’ ಎಂದು ಉಬ್ಬಚ್ಚು ಒತ್ತಿದ್ದರು. ಏಷ್ಯಾದ ಮೊದಲ ಅಂಟಿಸುವ ಚೀಟಿಯ ಮೇಲೆಯೇ ದೇಶೀ ಪದವೊಂದು ಕೂತಿತ್ತೆಂಬುದು ನಮಗೆ ಹಿಡಿಸುವ ಸಂಗತಿ. 1897ರಲ್ಲಿ ‘ಫಿಲಾಟೆಲಿಕ್ ಸೊಸೈಟಿ ಆಫ್ ಇಂಡಿಯಾ’ ಹುಟ್ಟಿತು. ಅದರ ಮುಂದಾಳು ಸ್ಟುವರ್ಟ್-ವಿಲ್ಸನ್ ಆಮೇಲೆ ಇಡೀ ದೇಶದ ಅಂಚೆ ಇಲಾಖೆಗೇ ಡೈರೆಕ್ಟರ್ ಜನರಲ್ ಆದವನು. ಹೌಸ್‌ಬರ್ಗ್, ಕ್ರಾಫ್ಟನ್‌ರೊಡನೆ ಅವನು 1907ರಲ್ಲಿ ಪ್ರಕಟಿಸಿದ ಬ್ರಿಟಿಷ್ ಇಂಡಿಯಾದ ಚೀಟಿಗಳ ಗ್ರಂಥ ಇನ್ನೂ ಆಕರವೇ. ಲಾಹೋರಿನ ಡೇವಿಡ್ ಮ್ಯಾಸನ್ ಜಮ್ಮು ಕಾಶ್ಮೀರದ ಚೀಟಿಗಳನ್ನು ಕುರಿತು ಬರೆದ. ಕೈಯಚ್ಚಿನಲ್ಲಿ ನೀರುಬಣ್ಣದಿಂದ ಒತ್ತಿದ ದುಂಡು ಚೀಟಿಗಳು ಅವು, ಮೇಲೆ ಪಾರಸಿ ಮತ್ತು ಡೋಗ್ರಿ ಲಿಪಿ; ಓದಲು ಬಾರದವನಿಗೆ ಯಾವುದು ತಲೆಕೆಳಗು ಎಂಬುದೂ ತಿಳಿಯದು. ಅಂಚೆಚೀಟಿಯ ಪಂಡಿತ ಇಲ್ಲಿ ಲಿಪಿಪಂಡಿತನೂ ಆಗದೆ ವಿಧಿಯಿರಲಿಲ್ಲ. ಮುಂದಿನ ತಲೆಮಾರಿನಲ್ಲಿ ಬೊಂಬಾಯಿಯ ಜಾಲ್ ಕೂಪರ್ ಚೀಟಿಯನ್ನು ಬಿಟ್ಟು ಅದರ ಮೇಲೆ ಬಿದ್ದ ಮುದ್ರೆಗಳನ್ನೇ ಹಿಡಿದು ಭಾರತದ ಅಂಚೆಯ ಚರಿತ್ರೆ ಬಿಡಿಸಿದ.

ಈಗ ನಮ್ಮ ಮನೆಯಂಗಳಕ್ಕೆ. ಅಂಚೆ ನಮಗೆ ಹೊಸತಲ್ಲ. 1672ರಲ್ಲಿ ಚಿಕ್ಕದೇವರಾಜ ಒಡೆಯರು ಮೈಸೂರು ಅಂಚೆಯನ್ನು ಏರ್ಪಡಿಸಿದರು, ಅವರ ಅಠಾರ ಕಚೇರಿಯಲ್ಲಿ, ಎಂದರೆ ಹದಿನೆಂಟು ಇಲಾಖೆಗಳ ಆಡಳಿತದಲ್ಲಿ, ಅದಕ್ಕೂ ಒಂದು ಕಚೇರಿಯಿತ್ತು, ಕಾಗದ ಸಾಗಿಸುವುದರ ಜೊತೆಗೆ ಸೀಮೆಯ ಸುದ್ದಿಯನ್ನು ಅರಮನೆಗೆ ಮುಟ್ಟಿಸುವ ಕೆಲಸವೂ ಅದರದು. 1889ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಲೀನವಾಯಿತು, ಪದ ಲೀನವಾಗಲಿಲ್ಲ. ತಮಿಳಿನ ‘ಅಂಜಲ್’, ತಿರುವಿದಾಂಕೂರಿನ ‘ಅಂಚಲ್’ ಇದರ ಒಡಹುಟ್ಟಿದವು, ತಂಗುದಾಣದಿಂದ ತಂಗುದಾಣಕ್ಕೆ ಕೈ ಬದಲಾಯಿಸುವ ಸರದಿಯ ಅರ್ಥ ಮೂರರಲ್ಲೂ ಇದೆ. ಹಳಗನ್ನಡದಲ್ಲಿ ಇನ್ನೊಂದು ‘ಅಂಚೆ’ ಇದೆ, ‘ಹಂಸ’ದ ತದ್ಭವ, ನಳದಮಯಂತಿಯರ ನಡುವೆ ಓಲೆಕಾರನಾದ ಹಂಸವನ್ನು ನೆನೆದು ಎರಡನ್ನೂ ಒಂದು ಮಾಡುವ ಆಸೆ ಯಾರಿಗೂ ಆದೀತು. ತಮಿಳು ಮಲಯಾಳಗಳ ಲಕಾರಾಂತ ರೂಪಗಳು ಅದಕ್ಕೆ ಅಡ್ಡ ನಿಲ್ಲುತ್ತವೆ, ಹಂಸ ಹಾರಿಹೋಗಲಿ. ಬೆಳಗಾವಿ, ಧಾರವಾಡಗಳ ಕಡೆ ಮರಾಠಿಯ ನೆರೆಯಿಂದ ‘ಟಪಾಲು’ ಗಟ್ಟಿಯಾಗಿ ನಿಂತಿತು, ‘ಟಪಾಲಿನವ’, ‘ಟಪಾಲ ಪೆಟ್ಟಿಗಿ’. ಚೀಟಿಯಂತೂ ‘ಚಿಠ್ಠಿ’ಯಾಗಿ ಬಂದು, ಪತ್ರವೆಂಬ ಅರ್ಥ ಕಳೆದುಕೊಂಡು, ತುಂಡುಕಾಗದವಾಗಿ, ವೈದ್ಯರ ಚೀಟಿ, ರೇಷನ್ ಚೀಟಿ, ಚೀಟಿ ಹಣ ಎಂದು ಸಂಸಾರ ಬೆಳೆಸಿ, ಅಂಚೆಯ ಜೊತೆ ಸೇರಿ ಮತ್ತೆ ಪತ್ರದ ಮೇಲೆಯೇ ಬಂದು ಕೂತಿತು.

‘ಫಿಲಾಟೆಲಿ’ ಮಾತ್ರ ಕನ್ನಡದಲ್ಲಿ ಇನ್ನೂ ನೆಂಟರಂತೆ ಬಾಗಿಲಲ್ಲೇ ನಿಂತಿದೆ. ಬರೆಯುವುದರಲ್ಲೇ ಒಮ್ಮತವಿಲ್ಲ: ಫಿಲಾಟೆಲಿ, ಫಿಲಟೆಲಿ, ಫಿಲಾಟಲಿ, ಫಿಲ್ಯಾಟಲಿ. ಗ್ರೀಕ್ ಫ್ರೆಂಚುಗಳ ‘ತ’ಕಾರ ಇಂಗ್ಲಿಷಿನ ಮೂಲಕ ಬಂದದ್ದರಿಂದ ನಮ್ಮಲ್ಲಿ ‘ಟ’ಕಾರವಾಯಿತು, ‘ಟಿಕೀಟು’, ‘ಸ್ಟಾಂಪು’ಗಳಿಗೆ ಆದಂತೆಯೇ. ‘ಫ’ಕಾರದ ವಿಷಯದಲ್ಲಿ ಮಾತ್ರ ನಮಗೆ ಹೆಮ್ಮೆಪಡಲು ಕಾರಣವಿದೆ: ಪ್ರಾಚೀನ ಗ್ರೀಕಿನಲ್ಲಿ ಆ ಅಕ್ಷರ ಇಂಗ್ಲಿಷಿನ ಊದುವ ಧ್ವನಿಯಾಗಿರಲಿಲ್ಲ, ನಮ್ಮ ‘ಫಲ’ದ ಮಹಾಪ್ರಾಣವೇ ಆಗಿತ್ತು. ಹಳ್ಳಿಯ ಮೇಷ್ಟರು ಓಷ್ಠ್ಯವಾಗಿ ‘ಫಿ’ ಎಂದರೆ ದೆಮೊಸ್ತನೀಸನಿಗೆ ಅವರೇ ಹತ್ತಿರದವರು.

ಇದಕ್ಕೊಂದು ಕನ್ನಡ ಪದ ಬೇಡವೆ ಎಂದು ಕೇಳುವವರಿದ್ದಾರೆ. ‘ನಾಣ್ಯಶಾಸ್ತ್ರ’ ಇದೆ, ‘ಶಾಸನಶಾಸ್ತ್ರ’ ಇದೆ. ‘ಅಂಚೆಚೀಟಿ ಸಂಗ್ರಹ’ವಂತೂ ಮಕ್ಕಳಿಗೂ ಗೊತ್ತು. ಆದರೆ ಸಂಗ್ರಹ ಎಂದೊಡನೆ ಫೆರಾರಿ ಬರುತ್ತಾನೆ, ಲೆಗ್ರಾನ್ ಬರುವುದಿಲ್ಲ. ‘ಅಂಚೆಚೀಟಿಶಾಸ್ತ್ರ’ ಎಂದರೆ ತಪ್ಪಿಲ್ಲ, ಬಾಯಿಗೆ ಉದ್ದ; ಮೇಲಾಗಿ ಆ ಶಾಸ್ತ್ರಕ್ಕೆ ಇಂದು ಚೀಟಿಗಿಂತ ಮುದ್ರೆ, ದರ, ಹಾದಿ, ಲಕೋಟೆಗಳೇ ಮುಖ್ಯ. ಎರ್ಪೆನ್ನನ ಪದದಲ್ಲಿ ಚೀಟಿಯೇ ಇಲ್ಲವೆಂದು ಹೀಗಳೆದಿದ್ದರಲ್ಲ, ಆ ಕೊರತೆಯೇ ಈಗ ಅದರ ಅನುಕೂಲ. ಹವ್ಯಾಸಕ್ಕೆ ‘ಅಂಚೆಚೀಟಿ ಸಂಗ್ರಹ’, ವಿದ್ಯೆಗೆ ‘ಫಿಲಾಟೆಲಿ’, ಎರಡನ್ನೂ ಇಟ್ಟುಕೊಳ್ಳುವುದು ಸರಿಯೆಂದು ತೋರುತ್ತದೆ. ಕಾಗುಣಿತ ಒಂದೇ ಆಗಲಿ.

ಕೋಶಕಾರರಿಗೆ ನಾವು ಮಾಡಬಹುದಾದ ಸಹಾಯವೊಂದಿದೆ. ಅಟ್ಟದ ಮೇಲಿನ ಟ್ರಂಕಿನಲ್ಲಿ ಹಳೆಯ ಕಾಗದಗಳಿದ್ದರೆ ಲಕೋಟೆಯಿಂದ ಚೀಟಿಯನ್ನು ನೆನೆಸಿ ಬಿಡಿಸಬೇಡಿ, ಹಾಗೆ ಬಿಡಿಸಿದರೆ ಮುದ್ರೆ, ದಿನಾಂಕ, ದರ ಎಲ್ಲದರ ಸಾಕ್ಷ್ಯವೂ ಹೋಗುತ್ತದೆ. ಮನೆಯ ಹಿರಿಯರು ಅಂಚೆಯವನಿಗೆ, ಚೀಟಿಗೆ, ಬೇರಿಂಗ್ ಕಾಗದಕ್ಕೆ ಏನೇನು ಹೆಸರು ಹೇಳುತ್ತಿದ್ದರೆಂದು ಕೇಳಿ, ಊರಿನ ಹೆಸರಿನೊಂದಿಗೆ ಬರೆದಿಡಿ.